100 ಕೆಜಿ ಒಳಗೆ, 2 ಕೆಜಿ ಗ್ಯಾಸ್: ನಮ್ಮ ಹಿತ್ತಲಿನ ಗೋಬರ್ ಗ್ಯಾಸ್ ಲೆಕ್ಕ

ಹೋದ ಚಳಿಗಾಲದ ಒಂದು ಭಾನುವಾರ ಊರಿಂದ ಅಪ್ಪ ವಿಡಿಯೋ ಕಾಲ್ ಮಾಡಿದ್ದರು. "ಜರ್ಮನಿಗೆ ಹೋಗಿ ಸಗಣಿ ಓದ್ತಾ ಇದೀಯಲ್ಲ ಮಾರಾಯ, ನಮ್ಮ ಹಿತ್ತಲಿನ ಗೋಬರ್ ಗ್ಯಾಸ್ ಮತ್ತೆ ಶುರು ಆಗ್ತದಾ ಹೇಳು" ಅಂದರು. ಪ್ರಶ್ನೆ ತಮಾಷೆಯಾಗಿತ್ತು, ಆದರೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಆಮೇಲೆ ಲ್ಯಾಬಿನ ಗೆಳೆಯರ ಜೊತೆ ಕೂತು ನಾವು ಹಾಕಿದ ಲೆಕ್ಕವೇ ಈ ಬರಹ.

ಒಳಗೆ ಏನು ನಡೆಯುತ್ತದೆ?

ಗಾಳಿ ಆಡದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳ ನಾಲ್ಕು ಗುಂಪುಗಳು ಸಾಲಾಗಿ ಕೆಲಸ ಮಾಡುತ್ತವೆ. ಮೊದಲನೆಯದು ಪಿಷ್ಟ, ಪ್ರೋಟೀನ್, ಕೊಬ್ಬನ್ನು ಒಡೆಯುತ್ತದೆ. ಎರಡನೆಯದು ಅದನ್ನು ಹುಳಿ ಮಾಡುತ್ತದೆ, ಅಂದರೆ ಆಮ್ಲಗಳಾಗಿಸುತ್ತದೆ. ಮೂರನೆಯದು ಆ ಆಮ್ಲಗಳಿಂದ ಅಸಿಟಿಕ್ ಆಮ್ಲ ಮತ್ತು ಹೈಡ್ರೋಜನ್ ತಯಾರಿಸುತ್ತದೆ. ಕೊನೆಯ ಗುಂಪು ಇವನ್ನು ತಿಂದು ಮೀಥೇನ್ ಬಿಡುತ್ತದೆ. ಹೊರಬರುವ ಗ್ಯಾಸಿನಲ್ಲಿ ಸುಮಾರು 60% ಮೀಥೇನ್, ಉಳಿದದ್ದು ಹೆಚ್ಚಾಗಿ ಕಾರ್ಬನ್ ಡೈಆಕ್ಸೈಡ್.

ಈ ಕೊನೆಯ ಗುಂಪು ಬಹಳ ನಿಧಾನ. ನಾವು ಇದನ್ನು ಕಲಿತದ್ದು ಕೆಡಿಸಿಯೇ. ಒಂದು ಶುಕ್ರವಾರ ಗ್ಯಾಸ್ ಹೆಚ್ಚು ಬರಲಿ ಎಂದು ನಮ್ಮ 5 ಲೀಟರ್ ರಿಯಾಕ್ಟರಿಗೆ ಹಳೆಯ ಬ್ರೆಡ್ ಎರಡು ಪಟ್ಟು ತುಂಬಿಸಿದೆವು. ಸೋಮವಾರ ನೋಡಿದರೆ ಪಿಎಚ್ 6ಕ್ಕಿಂತ ಕೆಳಗೆ, ಗ್ಯಾಸ್ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಪಿಎಚ್ 7ರ ಆಸುಪಾಸಿನಲ್ಲಿದ್ದರೇ ಅವಕ್ಕೆ ಸುಖ. ತೊಟ್ಟಿಯೂ ಹೊಟ್ಟೆಯ ಹಾಗೆ: ದಿನಾ ಇಷ್ಟಿಷ್ಟೇ ಊಟ, ಹೊಸ ಪದಾರ್ಥ ಮೆಲ್ಲಗೆ.

ಜರ್ಮನಿ ಮತ್ತು ಪುರ

ಇಲ್ಲಿ 9 ಸಾವಿರಕ್ಕೂ ಹೆಚ್ಚು ಜೈವಿಕ ಅನಿಲ ಘಟಕಗಳಿವೆ. 2000ದಲ್ಲಿ ಬಂದ ನವೀಕರಿಸಬಹುದಾದ ಇಂಧನ ಕಾಯ್ದೆ 20 ವರ್ಷ ನಿಗದಿತ ದರದಲ್ಲಿ ವಿದ್ಯುತ್ ಕೊಳ್ಳುವ ಭರವಸೆ ಕೊಟ್ಟಿತು, ರೈತರು ಧೈರ್ಯವಾಗಿ ಕಟ್ಟಿದರು. ಆದರೆ ಸಗಣಿಗಿಂತ ಜೋಳದ ಬೆಳೆಯನ್ನೇ ಹೆಚ್ಚು ತುಂಬಿಸುವಂತಾಗಿ, 2012ರಲ್ಲಿ ಹೊಸ ಘಟಕಗಳಿಗೆ ಮೆಕ್ಕೆಜೋಳದ ಪ್ರಮಾಣಕ್ಕೆ ಮಿತಿ ಹಾಕಬೇಕಾಯಿತು.

ನಮ್ಮಲ್ಲೂ ಒಂದು ಒಳ್ಳೆಯ ಪಾಠ ಇದೆ. ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ.ಎನ್. ರೆಡ್ಡಿಯವರ ತಂಡ ಊರಿಗೆಲ್ಲ ಸೇರಿ ಒಂದು ಘಟಕ ಮಾಡಿತು. ಮೊದಲು ಅಡುಗೆಗೆ ಅಂದುಕೊಂಡರು, ಎಲ್ಲ ಮನೆಗೆ ಗ್ಯಾಸ್ ಸಾಲಲಿಲ್ಲ. 1987ರಿಂದ ಅದೇ ಗ್ಯಾಸಿನಲ್ಲಿ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರು ಮತ್ತು ದೀಪ ಕೊಟ್ಟರು. ಸಗಣಿ ತಂದವರಿಗೆ ಗೊಬ್ಬರ ವಾಪಸ್ ಸಿಗುತ್ತಿತ್ತು. ಆ ವಾಪಸಾತಿ ಯಾಕೆ ಮುಖ್ಯ ಅನ್ನುವುದು ಲೆಕ್ಕ ಹಾಕಿದಾಗ ನಮಗೆ ಅರ್ಥವಾಯಿತು.

ಅಪ್ಪನ ಲೆಕ್ಕ

ನಮ್ಮದು 2 ಘನ ಮೀಟರ್ ಘಟಕ. ಅದಕ್ಕೆ ದಿನಕ್ಕೆ 50 ಕೆಜಿ ಸಗಣಿ, ಅಷ್ಟೇ ನೀರು ಬೇಕು. ಒಟ್ಟು 100 ಕೆಜಿ ಒಳಗೆ ಹೋಗುತ್ತದೆ. ಹೊರಬರುವ 2 ಘನ ಮೀಟರ್ ಗ್ಯಾಸಿನ ತೂಕ ಎಷ್ಟು ಗೊತ್ತಾ? ಎರಡೂಕಾಲು ಕೆಜಿ ಚಿಲ್ಲರೆ! ಉಳಿದ 97 ಕೆಜಿಗೂ ಹೆಚ್ಚು ಬಗ್ಗಡವಾಗಿ ಹೊರಗೆ ಬರುತ್ತದೆ. ಸಾರಜನಕ, ರಂಜಕ, ಪೊಟ್ಯಾಶ್ ಬಹುಪಾಲು ಅದರಲ್ಲೇ ಉಳಿಯುತ್ತವೆ. ಗ್ಯಾಸ್ ಒಲೆಗೆ ಹೋದರೂ ಗೊಬ್ಬರ ತೋಟಕ್ಕೇ ಸಿಗುತ್ತದೆ. ಬಗ್ಗಡವನ್ನು ಬಿಸಿಲಿನಲ್ಲಿ ತೆರೆದಿಟ್ಟರೆ ಮಾತ್ರ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮುಚ್ಚಿಡಬೇಕು, ಬೇಗ ಮಣ್ಣಿಗೆ ಸೇರಿಸಬೇಕು.

ಈಗ ಕೊಟ್ಟಿಗೆಯಲ್ಲಿ ಇರುವುದು ಎರಡೇ ದನ. 20 ಕೆಜಿ ಸಗಣಿಯಿಂದ ಸುಮಾರು 0.8 ಘನ ಮೀಟರ್ ಗ್ಯಾಸ್. ಅದರ ಜೊತೆ 2 ಕೆಜಿ ಅನ್ನ, ತರಕಾರಿಯ ಉಳಿಕೆ ಸೇರಿದರೆ 1 ಘನ ಮೀಟರ್ ಹತ್ತಿರ ಬರುತ್ತದೆ. ಅದು ಸುಮಾರು 0.45 ಕೆಜಿ ಎಲ್‌ಪಿಜಿಗೆ ಸಮ. ಅಂದರೆ ತಿಂಗಳಿಗೆ ಹೆಚ್ಚುಕಡಿಮೆ ಒಂದು ಸಿಲಿಂಡರ್! ಅಡಿಕೆ ಸಿಪ್ಪೆ ಮಾತ್ರ ಬೇಡ. ಅದರ ನಾರು ಬೇಗ ಕರಗದೆ ಮೇಲೆ ತೇಲಿ ಕೆನೆಗಟ್ಟುತ್ತದೆ.

ಇದನ್ನೆಲ್ಲ ಹೇಳಿದಾಗ ಅಪ್ಪನಿಗೆ ಖುಷಿಯಾಯಿತು. "ಹಾಗಾದ್ರೆ ನಾಳೆನೇ ಬಕೆಟ್ ತಗೊಂಡು ಒಳಗಿಳಿದು ಕ್ಲೀನ್ ಮಾಡ್ತೇನೆ" ಅಂದರು. ನಮಗೆ ಎದೆ ಧಸಕ್ಕೆಂದಿತು. "ಅಪ್ಪಾ, ಇಳಿಯಲೇಬೇಡಿ!" ಹಳೆಯ ಗುಂಡಿಯೊಳಗೆ ಆಮ್ಲಜನಕ ಇರದೆ ಹೈಡ್ರೋಜನ್ ಸಲ್ಫೈಡ್ ತುಂಬಿರಬಹುದು. ಅದು ಹೆಚ್ಚಾದರೆ ಮೂಗಿಗೆ ವಾಸನೆಯೂ ತಿಳಿಯುವುದಿಲ್ಲ, ಒಂದೆರಡು ಉಸಿರಿಗೇ ಮನುಷ್ಯ ಬೀಳುತ್ತಾನೆ. ಎತ್ತಲು ಹೋದವರೂ ಬೀಳುತ್ತಾರೆ. ಮೇಲಿನಿಂದಲೇ ಯಂತ್ರದಲ್ಲಿ ಹೀರಿಸಬೇಕು, ಹತ್ತಿರ ಬೀಡಿ, ಬೆಂಕಿ ಕೂಡದು.

ಅಪ್ಪ ಈಗ ಮಷಿನ್ ತರಿಸುವ ವಿಚಾರದಲ್ಲಿದ್ದಾರೆ. ನಿಮ್ಮೂರಿನ ಹಿತ್ತಲಲ್ಲೂ ಇಂಥ ಹಳೆಯ ತೊಟ್ಟಿ ಇರಬಹುದು. ಮುಂದಿನ ಸಲ ಮನೆಗೆ ಕಾಲ್ ಮಾಡಿದಾಗ ದನ ಎಷ್ಟಿವೆ ಅಂತ ಕೇಳಿ, ಲೆಕ್ಕ ಹಾಕಿ. ಆದರೆ ಮೊದಲು, ಯಾರೂ ಒಳಗೆ ಇಳಿಯಬಾರದು ಅಂತ ಹೇಳಿ.