ಕೆಸಿಕ್‌ನಿಂದ ಕೆಸಿಕ್‌ಗೆ: ಸರೋವರ ಸೀಮೆಯಲ್ಲೊಂದು ಸೈಕಲ್ ಪ್ರದಕ್ಷಿಣೆ

ನಕ್ಷೆಯ ಮೇಲೆ ಇದೊಂದು ಪುಟ್ಟ ಸುತ್ತು. ವಾಯವ್ಯ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನ ಕೆಸಿಕ್ ಪಟ್ಟಣದಿಂದ ಹೊರಟು, ಮೂರು ಸರೋವರಗಳ ದಂಡೆ ಹಿಡಿದು, ಎರಡು ಘಾಟಿ ಏರಿಳಿದು ಅದೇ ಪಟ್ಟಣಕ್ಕೆ ಮರಳಿದರೆ ಸುಮಾರು 45 ಕಿ.ಮೀ. ಆಗುತ್ತದೆ. ಬೆಂಗಳೂರಿನಿಂದ ನಸುಕಿನಲ್ಲಿ ಹೊರಟು ನಂದಿಬೆಟ್ಟ ಹತ್ತಿ ಬರುವ ಸವಾರರು ಇದರ ಎರಡು ಪಟ್ಟಿಗೂ ಹೆಚ್ಚು ದೂರ ತುಳಿಯುತ್ತಾರೆ. ಆದರೂ ಈ ಸುತ್ತಿಗೆ ಒಂದಿಡೀ ದಿನ ಎತ್ತಿಡುವುದೇ ಸರಿ.

ಕಾರಣ ಏರು. ನಂದಿಯ ಕೊನೆಯ ಏರು ಏಳೆಂಟು ಕಿ.ಮೀ. ಉದ್ದ, ಸರಾಸರಿ ನೂರಕ್ಕೆ ಆರರ ಆಸುಪಾಸು. ಇಲ್ಲಿನ ಹಾನಿಸ್ಟರ್ ಘಾಟಿಯ ಏರು ಎರಡು ಕಿ.ಮೀ.ಗಿಂತ ತುಸುವೇ ಹೆಚ್ಚು. ಅಷ್ಟರಲ್ಲೇ 230 ಮೀಟರಿನಷ್ಟು ಎತ್ತರ ಗಳಿಸಬೇಕು. ರಸ್ತೆಬದಿಯ ಫಲಕ 25 ಪ್ರತಿಶತ ಎಂದು ಎಚ್ಚರಿಸುತ್ತದೆ, ಅಂದರೆ ನಾಲ್ಕು ಮೀಟರ್ ಮುಂದೆ ಹೋಗುವಷ್ಟರಲ್ಲಿ ಒಂದು ಮೀಟರ್ ಮೇಲೆ.

ಹೊರಡುವ ಮುನ್ನ

ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಪೆನ್ರಿತ್‌ಗೆ ರೈಲಿನಲ್ಲಿ ಮೂರು ಗಂಟೆಯ ಆಸುಪಾಸಿನ ಹಾದಿ. ಸೈಕಲ್ ಜೊತೆಗಿದ್ದರೆ ಅದಕ್ಕೂ ಮುಂಗಡವಾಗಿ ಜಾಗ ಕಾಯ್ದಿರಿಸಬೇಕು. ಪೆನ್ರಿತ್‌ನಿಂದ ಕೆಸಿಕ್‌ಗೆ ಬಸ್ಸಿದೆ. ಸ್ವಂತ ಸೈಕಲ್ ಇಲ್ಲದವರಿಗೆ ಕೆಸಿಕ್‌ನ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತದೆ. ಬ್ಯಾಟರಿ ನೆರವಿನ ಸೈಕಲ್ ಆಯ್ದುಕೊಳ್ಳಲು ಹಿಂಜರಿಯಬೇಕಿಲ್ಲ. ಅಷ್ಟಾಗಿ ಅಭ್ಯಾಸವಿಲ್ಲದವರಿಗೆ, ಮಕ್ಕಳ ಮನೆಗೆ ಬ್ರಿಟನ್ನಿಗೆ ಬಂದಿರುವ ಅಪ್ಪ-ಅಮ್ಮಂದಿರಿಗೆ ಅದೇ ಲೇಸು.

ಮೇಯಿಂದ ಸೆಪ್ಟೆಂಬರ್‌ವರೆಗಿನ ಕಾಲ ಒಳ್ಳೆಯದು. ಜೂನ್ ಕೊನೆಯಲ್ಲಿ ಐದಕ್ಕೂ ಮೊದಲೇ ಬೆಳಗಾಗಿ, ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ. ಆದರೆ ಮಳೆಯನ್ನು ಯಾವ ತಿಂಗಳೂ ತಳ್ಳಿಹಾಕುವಂತಿಲ್ಲ. ದಾರಿಯ ಪಕ್ಕದಲ್ಲೇ ಬರುವ ಸೀತ್‌ವೇಟ್ ಎಂಬ ಹಳ್ಳಿ ಇಂಗ್ಲೆಂಡಿನ ಜನವಸತಿಗಳಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರು. ಅಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ. ಆಗುಂಬೆಯ ಮಳೆಯಂತೆ ಅದು ಕೆಲವು ತಿಂಗಳಲ್ಲಿ ಸುರಿದು ಮುಗಿಯುವುದಿಲ್ಲ, ವರ್ಷವಿಡೀ ಹಂಚಿಕೊಂಡು ಬೀಳುತ್ತದೆ. ಹಾಗಾಗಿ ಬಿಸಿಲಿದ್ದರೂ ಮಳೆ ಜಾಕೆಟ್ಟು, ಕೈಗವಸು ಚೀಲದಲ್ಲಿರಬೇಕು. ಏರುವಾಗ ಬೆವರಿದ ಮೈ ಇಳಿಜಾರಿನ ಗಾಳಿಗೆ ಕೆಲವೇ ನಿಮಿಷದಲ್ಲಿ ನಡುಗತೊಡಗುತ್ತದೆ.

ಸೈಕಲ್ಲಿನಲ್ಲಿ ನೋಡಬೇಕಾದವು ಎರಡು: ಗೇರು, ಬ್ರೇಕು. ಮುಂದಿನ ಸಣ್ಣ ಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡ ಚಕ್ರಕ್ಕೂ 34 ಹಲ್ಲು ಇದ್ದರೆ ಸಾಧಾರಣ ಸವಾರರೂ ಏರನ್ನು ನಿಭಾಯಿಸಬಹುದು. ಬ್ರೇಕ್ ಪ್ಯಾಡ್ ಸವೆದಿದ್ದರೆ ಬದಲಿಸದೆ ಹೊರಡಲೇಬಾರದು. ಎರಡು ಬಾಟಲಿ ನೀರು, ಬದಲಿ ಟ್ಯೂಬು, ಪಂಪು, ಪಂಕ್ಚರ್ ಸಾಮಾನು ಜೊತೆಗಿರಲಿ. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಆದ್ದರಿಂದ ಆರ್ಡ್‌ನೆನ್ಸ್ ಸರ್ವೆಯ ಓಎಲ್4 ಕಾಗದದ ನಕ್ಷೆ ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ರಸ್ತೆಯಲ್ಲಿ ಎಡಗಡೆಯ ಸಂಚಾರವೇ ಆದ್ದರಿಂದ ಭಾರತೀಯರಿಗೆ ಆ ಗೊಂದಲವಿಲ್ಲ.

ಯಾವ ದಿಕ್ಕಿನಲ್ಲಿ?

ಪ್ರದಕ್ಷಿಣವಾಗಿಯೇ ಹೋಗಬೇಕು. ಹೀಗೆ ಹೋದರೆ ಕಾಲು ಬಿಸಿಯಾಗಲು ಮೊದಲ 13 ಕಿ.ಮೀ. ಹೆಚ್ಚುಕಡಿಮೆ ಸಮತಟ್ಟು ದಾರಿ ಸಿಗುತ್ತದೆ, ಅತಿ ಕಠಿಣ ಏರು ಮೈಯಲ್ಲಿ ಕಸುವಿರುವಾಗಲೇ ಮುಗಿಯುತ್ತದೆ. ಈ ಸೀಮೆಯಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ, ದಣಿದ ಹೊತ್ತಿನಲ್ಲಿ ಕೆಸಿಕ್ ಕಡೆಗೆ ಬೆನ್ನು ತಳ್ಳುತ್ತದೆ.

ಬೆಳಿಗ್ಗೆ ಎಂಟರೊಳಗೆ ಕೆಸಿಕ್ ಬಿಟ್ಟರೆ ಬಾರೋಡೇಲ್ ಕಣಿವೆಯ ರಸ್ತೆಯಲ್ಲಿ ಕಾರುಗಳ ಸಾಲು ತಪ್ಪುತ್ತದೆ. ಬಲಕ್ಕೆ ಡರ್ವೆಂಟ್‌ವಾಟರ್ ಸರೋವರ. ಅದರ ಆಚೆ ದಡದ ಬ್ರಾಂಡಲ್‌ಹೌ ಕಾಡನ್ನು ನಿಸರ್ಗ, ಪರಂಪರೆಯ ತಾಣಗಳನ್ನು ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟ್ 1902ರಲ್ಲಿ ಸಾರ್ವಜನಿಕರಿಗಾಗಿ ಕೊಂಡಿತು. ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಟ್ರಸ್ಟ್ ಪಡೆದ ಮೊದಲ ಜಾಗ ಅದು. ಗ್ರೇಂಜ್ ಹಳ್ಳಿಯ ಹತ್ತಿರ ಕಣಿವೆ ಕಿರಿದಾಗುತ್ತದೆ. ಸೀತ್‌ವೇಟ್ ಮೇಲಿನ ಗುಡ್ಡದಲ್ಲಿ ಹದಿನಾರನೇ ಶತಮಾನದಲ್ಲಿ ಅಪ್ಪಟ ಗ್ರಾಫೈಟ್ ಸಿಕ್ಕಿತ್ತು. ಕೆಸಿಕ್‌ನಲ್ಲಿ ಪೆನ್ಸಿಲ್ ಉದ್ಯಮ ಬೆಳೆದದ್ದು ಅದರಿಂದಲೇ. ಮಳೆ ಹಿಡಿದು ಸವಾರಿ ರದ್ದಾದರೆ ಪಟ್ಟಣದಲ್ಲಿರುವ ಪೆನ್ಸಿಲ್ ಮ್ಯೂಸಿಯಂ ನೋಡಬಹುದು.

ಹಾನಿಸ್ಟರ್

ಸೀಟಾಲರ್ ಹಳ್ಳಿಯ ಕೊನೆಯ ಮನೆ ದಾಟುತ್ತಿದ್ದಂತೆಯೇ ರಸ್ತೆ ಎದೆಯೆತ್ತಿ ನಿಲ್ಲುತ್ತದೆ. ಏರಿನ ಅತಿ ಕಡಿದಾದ ಭಾಗ ಇಲ್ಲೇ, ಆರಂಭದಲ್ಲೇ. ಹಳ್ಳಿಯೊಳಗೇ ಗೇರನ್ನು ಪೂರಾ ಇಳಿಸಿಕೊಂಡಿರಬೇಕು. ಏರಿನ ನಡುವೆ ಒತ್ತಿ ತುಳಿಯುತ್ತಾ ಗೇರು ಬದಲಿಸಹೋದರೆ ಚೈನು ಕಳಚುವುದುಂಟು. ಸೀಟಿನ ತುದಿಗೆ ಸರಿದು ಮೈ ಮುಂದಕ್ಕೆ ಬಾಗಿಸಿದರೆ ಮುಂದಿನ ಚಕ್ರ ಮೇಲೇಳುವುದಿಲ್ಲ. ರಸ್ತೆ ಒದ್ದೆಯಿದ್ದಾಗ ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಜಾರುತ್ತದೆ. ಆಗದಿದ್ದರೆ ಇಳಿದು ತಳ್ಳಿಕೊಂಡು ಹೋಗಬಹುದು, ಅದರಲ್ಲಿ ಸಂಕೋಚವೇನೂ ಬೇಡ. ಅಷ್ಟು ದೂರ ಕಳೆದರೆ ಏರು ಸ್ವಲ್ಪ ಸಡಿಲಗೊಂಡು, ತೊರೆಯ ಜೊತೆಜೊತೆಗೆ 356 ಮೀಟರಿನ ನೆತ್ತಿಗೆ ಒಯ್ಯುತ್ತದೆ.

ನೆತ್ತಿಯಲ್ಲಿ ಹಸಿರು ಸ್ಲೇಟು ಕಲ್ಲಿನ ಗಣಿ, ಪಕ್ಕದಲ್ಲಿ ಕೆಫೆ. ಸುಮಾರು 45 ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿಯ ಬೂದಿ ಒತ್ತಡಕ್ಕೆ ಸಿಕ್ಕಿ ಈ ಕಲ್ಲಾಗಿದೆ. ಇದನ್ನು ಸಾಗಿಸಲು 1883ರಲ್ಲಿ ಬಟರ್ಮಿಯರ್‌ನಿಂದ ಬ್ರೇತ್‌ವೇಟ್‌ಗೆ ರೈಲು ಹಾಕುವ ಯೋಜನೆಯೊಂದು ಬಂತು. ಪಾದ್ರಿ ಹಾರ್ಡ್‌ವಿಕ್ ರಾನ್ಸ್‌ಲಿ ಮುಂದಾಳಾಗಿ ನಿಂತು ವಿರೋಧಿಸಿದರು, ಯೋಜನೆ ಬಿದ್ದುಹೋಯಿತು. ಅದೇ ರಾನ್ಸ್‌ಲಿ 1895ರಲ್ಲಿ ನ್ಯಾಷನಲ್ ಟ್ರಸ್ಟ್ ಕಟ್ಟಿದ ಮೂವರಲ್ಲಿ ಒಬ್ಬರು. ಇಂದು ಈ ಕಣಿವೆಗಳಲ್ಲಿ ಸೈಕಲ್ ಚಕ್ರದ ಸದ್ದು, ಕುರಿಗಳ ಕೂಗು ಕೇಳಿಸುವಷ್ಟು ನಿಶ್ಶಬ್ದ ಉಳಿದಿರುವುದಕ್ಕೆ ಆ ಜನರಿಗೆ ಋಣಿಯಾಗಿರಬೇಕು.

ಇಳಿಯುವುದು ಏರುವುದಕ್ಕಿಂತ ಅಪಾಯದ ಕೆಲಸ. ಆಚೆ ಬದಿಯ ಆರಂಭದಲ್ಲೂ ಇಳಿಜಾರು ಕಡಿದು, ರಸ್ತೆ ಕಿರಿದು. ಎರಡೂ ಬ್ರೇಕನ್ನು ಒಟ್ಟಿಗೆ, ಬಿಟ್ಟುಬಿಟ್ಟು ಹಿಡಿಯಬೇಕು, ಮೈ ಹಿಂದಕ್ಕಿರಬೇಕು. ಹರ್ಡ್‌ವಿಕ್ ತಳಿಯ ಕುರಿಗಳು ಬೇಲಿಯಿಲ್ಲದೆ ಮೇಯುತ್ತವೆ. ತಾಯಿಯಿಂದ ಮರಿ ಕಲಿತು ತಲೆತಲಾಂತರ ತಮ್ಮದೇ ಗುಡ್ಡ ಬಿಟ್ಟು ಹೋಗದ ಈ ಕುರಿಗಳಿಗೆ ರಸ್ತೆಯೂ ಗುಡ್ಡದ ಭಾಗವೇ. ಒಂದು ಕುರಿ ರಸ್ತೆ ದಾಟಿದರೆ ಹಿಂದೆಯೇ ಮರಿ ಓಡಿಬರುತ್ತದೆಂದು ತಿಳಿದು ನಿಧಾನಿಸಬೇಕು. ಜಾನುವಾರು ದಾಟದಂತೆ ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಸರಳು ಹಾಸಿರುವ ಕಡೆ ಸೈಕಲ್ ನೇರವಾಗಿರಲಿ. ತಿರುಗಿಸಿದರೆ, ಅದೂ ಮಳೆಯಲ್ಲಿ, ಬೀಳುವುದು ಖಚಿತ.

ಬಟರ್ಮಿಯರ್‌ನಲ್ಲಿ ತೀರ್ಮಾನ

ಬಟರ್ಮಿಯರ್ ಸರೋವರದ ದಂಡೆ ಹಿಡಿದು ಹಳ್ಳಿ ತಲುಪಿದರೆ ಊಟದ ಹೊತ್ತು. ಕೆಫೆಗಳಿವೆ. ಸಸ್ಯಾಹಾರಿಗಳಿಗೆ ಸೂಪು, ಬ್ರೆಡ್ಡು, ಚೀಸು ಸಿಕ್ಕೀತು, ಆದರೂ ಚಪಾತಿಯೊಂದಿಗೆ ಚಟ್ನಿಪುಡಿ ಕಟ್ಟಿಕೊಂಡವರು ಜಾಣರು. ಗುಡ್ಡದ ಮೇಲಿನ ಚರ್ಚಿನಲ್ಲಿ ಆಲ್‌ಫ್ರೆಡ್ ವೇನ್‌ರೈಟ್ ನೆನಪಿನ ಫಲಕವಿದೆ. ಈ ಬೆಟ್ಟಗಳಿಗೆ ಕೈಯಿಂದಲೇ ನಕ್ಷೆ ಬರೆದು ಮಾರ್ಗದರ್ಶಿಗಳನ್ನು ರಚಿಸಿದ ಅವರ ಚಿತಾಭಸ್ಮವನ್ನು ಎದುರಿನ ಹೇಸ್ಟ್ಯಾಕ್ಸ್ ಬೆಟ್ಟದಲ್ಲಿ ಚೆಲ್ಲಲಾಯಿತು.

ಇಲ್ಲಿಂದ ಎರಡು ದಾರಿ. ಚರ್ಚಿನ ಪಕ್ಕದಿಂದ ಏರುವ ನ್ಯೂಲ್ಯಾಂಡ್ಸ್ ದಾರಿ ಹಿಡಿದರೆ ಒಟ್ಟು ಸುತ್ತು 37 ಕಿ.ಮೀ.ಯಷ್ಟೇ. ಆದರೆ 333 ಮೀಟರಿಗೆ ಸುಮಾರು ಎರಡು ಕಿ.ಮೀ.ನಲ್ಲಿ ಏರುವ ಅದು ಮತ್ತೊಂದು ಹಾನಿಸ್ಟರ್. ಮೊದಲ ಸಲ ಬಂದವರಿಗೆ ಉದ್ದದ ದಾರಿಯೇ ವಾಸಿ: ಕ್ರಮ್ಮಕ್ ವಾಟರ್ ದಂಡೆಯಲ್ಲಿ ಸಾಗಿ, ಮೇ ಆರಂಭದಲ್ಲಿ ನೀಲಿ ಹೂ ಹಾಸಿರುವ ರ್‍ಯಾನರ್‌ಡೇಲ್ ದಾಟಿ, ಹೈ ಲಾರ್ಟನ್ ಸೇರುವುದು. ವರ್ಡ್ಸ್‌ವರ್ತ್ ಕವಿತೆಯಲ್ಲಿ ಬಂದಿರುವ ಯೂ ಮರ ಈ ಹಳ್ಳಿಯಲ್ಲಿ ಇನ್ನೂ ಇದೆ. ಕವಿ 1770ರಲ್ಲಿ ಹುಟ್ಟಿದ ಕಾಕರ್ಮತ್ ಕೂಡ ಇಲ್ಲಿಗೆ ಹತ್ತಿರವೇ.

ಲಾರ್ಟನ್‌ನಿಂದ 318 ಮೀಟರಿನ ವಿನ್‌ಲಾಟರ್ ಘಾಟಿಗೆ ಸುಮಾರು ಐದು ಕಿ.ಮೀ. ಏರು. ಹಾನಿಸ್ಟರ್ ಕಂಡ ಕಾಲಿಗೆ ಇದು ಸೌಮ್ಯ. ಮಧ್ಯೆ ಉಸಿರು ಸುಧಾರಿಸಿಕೊಳ್ಳಲು ಅವಕಾಶವಿದೆ. ಮೇಲೆ ಅರಣ್ಯ ಇಲಾಖೆಯ ಕೇಂದ್ರವಿದ್ದು, ಅಪರೂಪದ ಕೆಂಪು ಅಳಿಲು ಕಾಣಸಿಗಬಹುದು. ಬ್ರೇತ್‌ವೇಟ್‌ಗೆ ಇಳಿದ ಮೇಲೆ ಲಾರಿಗಳ ಎ66 ಹೆದ್ದಾರಿಗೆ ಹೋಗದೆ, ಪೋರ್ಟಿನ್‌ಸ್ಕೇಲ್ ಮೂಲಕ ಕೆಸಿಕ್ ಸೇರಬೇಕು.

ರಾತ್ರಿ ಅಲ್ಲೇ ಉಳಿಯುವವರು ಮರುದಿನ ಪೆನ್ರಿತ್‌ಗೆ ಸೈಕಲ್ಲಿನಲ್ಲೇ ಮರಳಬಹುದು. ಕೆಸಿಕ್‌ನಿಂದ ಥ್ರೆಲ್‌ಕೆಲ್ಡ್‌ವರೆಗೆ, 1972ರಲ್ಲಿ ನಿಂತುಹೋದ ರೈಲು ಹಳಿಯ ಜಾಡಿನಲ್ಲೇ ವಾಹನವಿಲ್ಲದ ದಾರಿಯಿದೆ. 2015ರ ಡಿಸೆಂಬರ್ ನೆರೆಯಲ್ಲಿ ಅದರ ಸೇತುವೆಗಳು ಕೊಚ್ಚಿಹೋಗಿ, 2020ರಲ್ಲಿ ದಾರಿ ಮತ್ತೆ ತೆರೆಯಿತು. ಅಲ್ಲಿಂದ ಮುಂದೆ ಸಿ2ಸಿ ಎಂಬ ಸೈಕಲ್ ಮಾರ್ಗದ ಫಲಕಗಳನ್ನು ಅನುಸರಿಸಿದರೆ ಸಾಕು.