ಸಾರಿಗೆ ನೌಕರರ ಸಂಘವು ತನ್ನ ಸದಸ್ಯರನ್ನು ಪ್ರತಿನಿಧಿಸುವ ಬಗೆ: ವರ್ತಕರು ಅರಿಯಬೇಕಾದ ಕೆಲವು ಸಂಗತಿಗಳು

ಮುಂಡರಗಿಯಿಂದ ಬೆಳಗಿನ ಬಸ್ಸು ಬಾರದ ದಿನ ಗದಗಿನಲ್ಲಿ ಎಷ್ಟೋ ಅಂಗಡಿಗಳ ಬಾಗಿಲು ತಡವಾಗಿ ತೆರೆಯುತ್ತವೆ. ಲಕ್ಷ್ಮೇಶ್ವರ, ಶಿರಹಟ್ಟಿಗಳಿಂದ ದಿನವೂ ಬಂದು ಹೋಗುವ ಗುಮಾಸ್ತರು, ಮುದ್ರಣಾಲಯದ ಕೆಲಸಗಾರರು, ಮಾರುಕಟ್ಟೆ ಪ್ರಾಂಗಣಕ್ಕೆ ಬರುವ ರೈತರು, ಬೆಟಗೇರಿಯಲ್ಲಿ ಸೀರೆ ಕೊಳ್ಳಲು ಬರುವ ಗ್ರಾಹಕರು ಎಲ್ಲರೂ ಸರ್ಕಾರಿ ಬಸ್ಸನ್ನೇ ನಂಬಿದವರು. ಆದುದರಿಂದ ಸಾರಿಗೆ ನೌಕರರ ಮುಷ್ಕರವೆಂದರೆ ನಮ್ಮ ವಹಿವಾಟಿಗೂ ಪೆಟ್ಟು. ಅಂಥ ದಿನಗಳಲ್ಲಿ ನಾವು ಸಂಘವನ್ನು ದೂರುತ್ತೇವೆ, ಇಲ್ಲವೆ ಸರ್ಕಾರವನ್ನು ದೂರುತ್ತೇವೆ. ಆದರೆ ನೌಕರರ ಸಂಘವು ಮುಷ್ಕರವಿಲ್ಲದ ದಿನಗಳಲ್ಲಿ ಏನು ಮಾಡುತ್ತದೆ, ಯಾವ ಅಧಿಕಾರದಿಂದ ಮಾತನಾಡುತ್ತದೆ ಎಂಬುದನ್ನು ಅರಿತವರು ವಿರಳ. ಈ ತಿಳಿವಳಿಕೆಯಿಂದ ನಮ್ಮ ಸಣ್ಣ ಕಾರ್ಖಾನೆಗಳಿಗೂ ಪ್ರಯೋಜನವುಂಟು ಎಂಬ ಕಾರಣದಿಂದ ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ಸಂಸ್ಥೆಯ ಹಿನ್ನೆಲೆ

1948ರಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಆರಂಭವಾಯಿತು. 1961ರ ಆಗಸ್ಟ್ 1ರಂದು ಅದು ನಿಗಮದ ರೂಪ ತಾಳಿತು. 1997ರ ನವೆಂಬರ್ 1ರಂದು ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಪ್ರತ್ಯೇಕವಾಯಿತು. ಗದಗ ಜಿಲ್ಲೆ ಉದಯಿಸಿದ್ದೂ ಅದೇ ವರ್ಷದಲ್ಲಿ. ಹೀಗೆ ನಾಲ್ಕು ನಿಗಮಗಳಾದರೂ ವೇತನದ ಪ್ರಶ್ನೆ ಮಾತ್ರ ಒಟ್ಟಾಗಿಯೇ ತೀರ್ಮಾನವಾಗುತ್ತ ಬಂದಿದೆ. ಅದಕ್ಕಾಗಿಯೇ ಕಾರ್ಮಿಕ ಸಂಘಗಳೂ ರಾಜ್ಯಮಟ್ಟದ ಫೆಡರೇಶನ್‌ಗಳ ರೂಪದಲ್ಲಿ ಬೆಳೆದಿವೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕಂದಾಯ ಇಲಾಖೆಯ ಗುಮಾಸ್ತರು ಸರ್ಕಾರಿ ನೌಕರರು. ಅವರಿಗೆ ನಾಗರಿಕ ಸೇವಾ ನಿಯಮಗಳು ಅನ್ವಯಿಸುತ್ತವೆ. ಅವರ ಸೇವಾ ವಿವಾದಗಳು ಆಡಳಿತ ನ್ಯಾಯಮಂಡಳಿಗೆ ಹೋಗುತ್ತವೆ. ಬಸ್ಸಿನ ಚಾಲಕ, ನಿರ್ವಾಹಕರು ನಿಗಮದ ನೌಕರರು. ಕೈಗಾರಿಕಾ ಕಾನೂನಿನ ದೃಷ್ಟಿಯಲ್ಲಿ ಅವರು ಕಾರ್ಮಿಕರು. ವೇತನ ಆಯೋಗದ ಶಿಫಾರಸು ಅವರಿಗೆ ತಾನಾಗಿ ಅನ್ವಯವಾಗುವುದಿಲ್ಲ; ಚೌಕಾಸಿಯಿಂದಲೇ ವೇತನ ನಿಗದಿಯಾಗಬೇಕು. ನಾಲ್ಕು ವರ್ಷಗಳಿಗೊಮ್ಮೆ ವೇತನ ಪರಿಷ್ಕರಣೆ ಎಂಬುದು ಅಲ್ಲಿಯ ರೂಢಿ. ಆ ಅವಧಿ ಮೀರಿದಾಗಲೆಲ್ಲ ವಿವಾದ ತಲೆಯೆತ್ತಿದೆ.

ದಿನನಿತ್ಯದ ಪ್ರಾತಿನಿಧ್ಯ

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಶಿರಹಟ್ಟಿ ಮಾರ್ಗದ ಬಸ್ಸಿನಲ್ಲಿ ತಪಾಸಣೆ ನಡೆದು, ಇಬ್ಬರು ಪ್ರಯಾಣಿಕರ ಬಳಿ ಟಿಕೇಟು ಇಲ್ಲವೆಂದು ಕಂಡುಬಂದಿತು. ನಿರ್ವಾಹಕನಿಗೆ ದೋಷಾರೋಪಣಾ ಪತ್ರ ತಲುಪುತ್ತದೆ. ಪ್ರಯಾಣಿಕರು ಆಗತಾನೆ ಹತ್ತಿದ್ದರೆ? ನೂಕುನುಗ್ಗಲಿನಲ್ಲಿ ಟಿಕೇಟು ಕೊಡುವಷ್ಟರಲ್ಲಿ ತಪಾಸಣೆಯಾಗಿದ್ದರೆ? ಅಥವಾ ಹಣ ಪಡೆದೂ ಟಿಕೇಟು ಕೊಡದಿದ್ದರೆ? ಈ ಮೂರರ ನಡುವೆ ಅಜಗಜಾಂತರವಿದೆ. ಅದನ್ನು ಬೇರ್ಪಡಿಸಿ ತೋರಿಸುವ ಉತ್ತರವನ್ನು ಬರೆಯಲು ನಿರ್ವಾಹಕನಿಗೆ ನೆರವು ಬೇಕು. ಸಂಘದ ಮೊದಲ ಕೆಲಸ ಇದೇ: ಉತ್ತರ ಬರೆಸುವುದು, ಇಲಾಖಾ ವಿಚಾರಣೆಯಲ್ಲಿ ಸಹೋದ್ಯೋಗಿಯೊಬ್ಬನನ್ನು ಜೊತೆಗೆ ನಿಲ್ಲಿಸುವುದು, ದಾಖಲೆಗಳನ್ನು ಕೇಳಿ ಪಡೆಯುವುದು, ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸುವುದು.

ಹಾಗೆಂದು ಸಂಘವು ಪ್ರತಿ ತಪ್ಪನ್ನೂ ಮುಚ್ಚಲಾರದು. ಪ್ರಯಾಣಿಕರಿಂದ ಹೆಚ್ಚಿನ ಹಣ ಪಡೆದ ನಿರ್ವಾಹಕರ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ವಜಾ ಶಿಕ್ಷೆಯನ್ನು ಎತ್ತಿಹಿಡಿಯಿತು. ಆ ನಿಗಮವೂ ನಮ್ಮ ರಾಜ್ಯದ್ದೇ. ಸದಸ್ಯನು ನಿರಪರಾಧಿಯೆಂದು ಸಾಧಿಸುವುದೊಂದೇ ಪ್ರಾತಿನಿಧ್ಯವಲ್ಲ. ವಿಚಾರಣೆ ನ್ಯಾಯಬದ್ಧವಾಗಿ ನಡೆಯುವಂತೆ, ಶಿಕ್ಷೆಯು ತಪ್ಪಿಗೆ ತಕ್ಕಂತೆ ಇರುವಂತೆ ನೋಡಿಕೊಳ್ಳುವುದೂ ಪ್ರಾತಿನಿಧ್ಯವೇ.

ವಜಾ ಪ್ರಕರಣದಲ್ಲಿ ಕಾರ್ಮಿಕನು ಸಂಧಾನಾಧಿಕಾರಿಗೆ ಅರ್ಜಿ ಸಲ್ಲಿಸಿ, 45 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ನೇರವಾಗಿ ನ್ಯಾಯಾಧಿಕರಣದ ಮೆಟ್ಟಿಲೇರಬಹುದು. ಅದಕ್ಕೆ ಸಂಘದ ಅನುಮತಿ ಬೇಡ. ಆದರೂ ಖರ್ಚು, ಓಡಾಟ, ಕಾಗದಪತ್ರಗಳ ವಿಷಯದಲ್ಲಿ ಒಂಟಿ ಮನುಷ್ಯನಿಗೆ ಸಂಘವೇ ಆಸರೆ.

ಒಟ್ಟು ಚೌಕಾಸಿ ಮತ್ತು ಒಪ್ಪಂದ

ವೇತನ, ಭತ್ಯೆ, ಕೆಲಸದ ಅವಧಿ ಇವು ಒಬ್ಬೊಬ್ಬರ ಪ್ರಶ್ನೆಗಳಲ್ಲ. ಇವುಗಳಿಗಾಗಿ ಸಂಘವು ಬೇಡಿಕೆ ಪಟ್ಟಿ ಸಲ್ಲಿಸುತ್ತದೆ. ಆಡಳಿತವು ಒಪ್ಪದಿದ್ದರೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಮಾತುಕತೆ ನಡೆಯುತ್ತದೆ. ಸಂಧಾನದ ಮುಖಾಂತರ ಆದ ಒಪ್ಪಂದವು ಸಂಘದ ಸದಸ್ಯರಲ್ಲದ ನೌಕರರಿಗೂ ಅನ್ವಯಿಸುತ್ತದೆ. ಸಂಧಾನದ ಹೊರಗೆ ಆದ ಒಪ್ಪಂದವಾದರೋ ಸಹಿ ಹಾಕಿದ ಪಕ್ಷಗಳನ್ನಷ್ಟೇ ಬಂಧಿಸುತ್ತದೆ. ಈ ಭೇದವನ್ನು ನಮ್ಮ ಕಾರ್ಖಾನೆಗಳ ಮಾಲೀಕರೂ ನೆನಪಿಡಬೇಕು.

ಮಾತುಕತೆ ಮುರಿದುಬಿದ್ದಾಗ ಏನಾಗುತ್ತದೆಂಬುದನ್ನು ಈಚಿನ ವರ್ಷಗಳೇ ತೋರಿಸಿವೆ. 2016ರ ಜುಲೈ 25ರಿಂದ ಮೂರು ದಿನ ಬಸ್ಸುಗಳು ನಿಂತವು. ಶೇ. 35ರಷ್ಟು ಹೆಚ್ಚಳದ ಬೇಡಿಕೆಯಿದ್ದ ಆ ಮುಷ್ಕರವು ಶೇ. 12.5ಕ್ಕೆ ಮುಗಿಯಿತು. 2020ರ ಡಿಸೆಂಬರ್‌ನಲ್ಲಿ ಹಳೆಯ ಫೆಡರೇಶನ್‌ಗಳ ಹೊರಗೆ ಬೆಳೆದ ನೌಕರರ ಕೂಟವು ಮುಂದಾಳಾಯಿತು. ನಿಗಮದ ನೌಕರರನ್ನು ಸರ್ಕಾರಿ ನೌಕರರೆಂದು ಪರಿಗಣಿಸಬೇಕೆಂಬುದು ಅದರ ಮುಖ್ಯ ಬೇಡಿಕೆ. 2021ರ ಏಪ್ರಿಲ್ 7ರಿಂದ ಆರನೇ ವೇತನ ಆಯೋಗದ ಸಮಾನತೆ ಕೋರಿ ಮತ್ತೆ ಮುಷ್ಕರ ಆರಂಭವಾಯಿತು. ಕೊರೋನಾ ಹಾವಳಿಯ ಹಿನ್ನೆಲೆಯಲ್ಲಿ ಉಚ್ಚ ನ್ಯಾಯಾಲಯದ ಸೂಚನೆಯ ಮೇರೆಗೆ ಹದಿನೈದು ದಿನಗಳ ತರುವಾಯ ಅದು ಕೊನೆಗೊಂಡಿತು. ಬೇಡಿಕೆ ಈಡೇರಲಿಲ್ಲ, ಬದಲಾಗಿ ಅನೇಕರು ವಜಾ, ಅಮಾನತು, ವರ್ಗಾವಣೆಗಳನ್ನು ಎದುರಿಸಬೇಕಾಯಿತು.

2023ರ ಮಾರ್ಚ್‌ನಲ್ಲಿ ಶೇ. 15ರಷ್ಟು ಪರಿಷ್ಕರಣೆ ಪ್ರಕಟವಾಯಿತು. ಆದರೆ 2020ರ ಜನವರಿಯಿಂದ 38 ತಿಂಗಳ ಬಾಕಿಯ ಪ್ರಶ್ನೆ ಉಳಿಯಿತು. 2024ರ ಜನವರಿಯಿಂದ ಹೊಸ ಪರಿಷ್ಕರಣೆಯ ಬೇಡಿಕೆಯೂ ಸೇರಿಕೊಂಡಿತು. ಇವೆರಡಕ್ಕಾಗಿ ಸಂಘಗಳ ಜಂಟಿ ಕ್ರಿಯಾ ಸಮಿತಿಯು ಕರೆಕೊಟ್ಟಿದ್ದ ಮುಷ್ಕರಕ್ಕೆ ಉಚ್ಚ ನ್ಯಾಯಾಲಯವು ತಡೆ ನೀಡಿದ್ದರೂ 2025ರ ಆಗಸ್ಟ್ 5ರಂದು ರಾಜ್ಯದ ಬಹುಭಾಗದಲ್ಲಿ ಸಂಚಾರ ಅಸ್ತವ್ಯಸ್ತವಾಯಿತು. ನ್ಯಾಯಾಲಯವು ಅಸಮಾಧಾನ ಸೂಚಿಸಿದ ಮೇಲೆ ಅದೇ ದಿನ ಮುಷ್ಕರವನ್ನು ಮುಂದೂಡಲಾಯಿತು.

ಈ ಘಟನೆಗಳಿಂದ ತಿಳಿಯುವುದು ಎರಡು. ಒಂದು, ಬಾಕಿ ಉಳಿದ ಲೆಕ್ಕವು ತಾನಾಗಿ ಮರೆಯಾಗುವುದಿಲ್ಲ. ವರ್ಷ ಕಳೆದಂತೆ ಬೆಳೆಯುತ್ತದೆ. ಇದನ್ನು ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡು, ನೌಕರರ ಪರವಾಗಿ ಮಾತನಾಡುವವರು ಯಾರು ಎಂಬುದು ಸ್ಪಷ್ಟವಿಲ್ಲದಾಗ ಒಪ್ಪಂದ ಕಠಿಣವಾಗುತ್ತದೆ. ಒಬ್ಬರೊಡನೆ ಕೈಕುಲುಕಿದರೆ ಇನ್ನೊಬ್ಬರು ಧರಣಿ ಕೂಡುತ್ತಾರೆ.

ಹೊಸ ಸಂಹಿತೆ: ನಮಗೆಷ್ಟು ಸಂಬಂಧ?

1926ರ ಕಾರ್ಮಿಕ ಸಂಘಗಳ ಕಾಯ್ದೆ, 1946ರ ಸ್ಥಾಯೀ ಆದೇಶಗಳ ಕಾಯ್ದೆ, 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಈ ಮೂರರ ಸ್ಥಾನದಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಇದರ ಮುಖ್ಯಾಂಶಗಳು ಹೀಗಿವೆ:

1. ಏಳು ಮಂದಿ ಸೇರಿ ಸಂಘದ ನೋಂದಣಿಗೆ ಅರ್ಜಿ ಸಲ್ಲಿಸಬಹುದು. ಆದರೆ ಸಂಸ್ಥೆಯ ಶೇ. 10ರಷ್ಟು ಅಥವಾ 100 ಕಾರ್ಮಿಕರು, ಇವೆರಡರಲ್ಲಿ ಕಡಿಮೆಯಾದಷ್ಟು ಸದಸ್ಯತ್ವ ಇರಬೇಕು.

2. ಒಂದಕ್ಕಿಂತ ಹೆಚ್ಚು ಸಂಘಗಳಿದ್ದಲ್ಲಿ ಶೇ. 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘವೇ ಏಕೈಕ ಚೌಕಾಸಿ ಸಂಘ. ಯಾರಿಗೂ ಅಷ್ಟು ಬೆಂಬಲವಿಲ್ಲದಿದ್ದರೆ, ಕನಿಷ್ಠ ಶೇ. 20ರಷ್ಟು ಬೆಂಬಲವುಳ್ಳ ಸಂಘಗಳ ಪ್ರತಿನಿಧಿಗಳಿಂದ ಚೌಕಾಸಿ ಮಂಡಳಿ ರಚನೆಯಾಗಬೇಕು.

3. ಹಿಂದೆ ಸಾರ್ವಜನಿಕ ಉಪಯುಕ್ತ ಸೇವೆಗಳಿಗಷ್ಟೇ ಕಡ್ಡಾಯವಾಗಿದ್ದ ಮುಷ್ಕರದ ಮುನ್ಸೂಚನೆಯು ಈಗ ಎಲ್ಲ ಕೈಗಾರಿಕಾ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಸೂಚನೆ ಕೊಟ್ಟು 14 ದಿನ ಕಳೆಯದೆ ಮುಷ್ಕರ ಹೂಡುವಂತಿಲ್ಲ. ಮಾಲೀಕನು ಬೀಗಮುದ್ರೆ ಘೋಷಿಸುವುದಕ್ಕೂ ಇಂಥದೇ ನಿರ್ಬಂಧವಿದೆ. ಶೇ. 50ಕ್ಕೆ ಕಡಿಮೆಯಿಲ್ಲದ ಕಾರ್ಮಿಕರು ಒಟ್ಟಿಗೆ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೆಂದೇ ಪರಿಗಣಿತವಾಗುತ್ತದೆ.

4. 20 ಅಥವಾ ಹೆಚ್ಚು ಕಾರ್ಮಿಕರಿರುವ ಪ್ರತಿಯೊಂದು ಕೈಗಾರಿಕಾ ಸಂಸ್ಥೆಯಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಅದರಲ್ಲಿ ಮಾಲೀಕರ ಹಾಗೂ ಕಾರ್ಮಿಕರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿದ್ದು, ಒಟ್ಟು ಹತ್ತು ಮಂದಿಯನ್ನು ಮೀರಬಾರದು. ಅಧ್ಯಕ್ಷ ಸ್ಥಾನವು ವರ್ಷಕ್ಕೊಮ್ಮೆ ಸರದಿಯಂತೆ ಬದಲಾಗುತ್ತದೆ. ದೂರು ಬಂದ 30 ದಿನಗಳಲ್ಲಿ ವಿಚಾರಣೆ ಮುಗಿಯಬೇಕು.

ನಾಲ್ಕನೆಯ ಅಂಶವು ನಮ್ಮ ಅನೇಕ ಸದಸ್ಯರಿಗೆ ನೇರವಾಗಿ ಸಂಬಂಧಿಸಿದ್ದು. ಇಪ್ಪತ್ತೈದು ಮಂದಿ ದುಡಿಯುವ ಎಣ್ಣೆ ಗಿರಣಿಯಲ್ಲಿ ಸಂಘವಿಲ್ಲದಿರಬಹುದು. ಆದರೆ ಸಮಿತಿ ಇರಲೇಬೇಕು. ಇದನ್ನು ಕಾಗದದ ಮೇಲಿನ ಶಾಸ್ತ್ರವೆಂದು ಭಾವಿಸದೆ, ತಿಂಗಳಿಗೊಮ್ಮೆ ಕುಳಿತು ನಡಾವಳಿ ಬರೆದಿಟ್ಟರೆ ಎಷ್ಟೋ ಮನಸ್ತಾಪಗಳು ಕಾರ್ಖಾನೆಯ ಅಂಗಳದಲ್ಲಿಯೇ ಬಗೆಹರಿಯುತ್ತವೆ.

ಕೊನೆಯ ಮಾತು

ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ. ಒಬ್ಬನಿಂದಾಗದ್ದು ಹತ್ತು ಮಂದಿ ಕೂಡಿದರೆ ಆಗುತ್ತದೆಂಬುದನ್ನು ಈ ನೆಲಕ್ಕೆ ಯಾರೂ ಕಲಿಸಬೇಕಾಗಿಲ್ಲ. ವಾಣಿಜ್ಯ ಸಂಸ್ಥೆಯು ತೆರಿಗೆ, ಮಾರುಕಟ್ಟೆ ಶುಲ್ಕಗಳ ವಿಷಯದಲ್ಲಿ ವರ್ತಕರ ಪರವಾಗಿ ಮನವಿ ಸಲ್ಲಿಸುವುದೂ ಪ್ರಾತಿನಿಧ್ಯವೇ ಅಲ್ಲವೆ? ಚಾಲಕ, ನಿರ್ವಾಹಕರ ಸಂಘವೂ ತನ್ನವರಿಗಾಗಿ ಅದನ್ನೇ ಮಾಡುತ್ತದೆ. ಅದರ ಎಲ್ಲ ಬೇಡಿಕೆಗಳನ್ನು ನಾವು ಒಪ್ಪಬೇಕೆಂದೇನೂ ಇಲ್ಲ. ಆದರೆ ಮುಷ್ಕರದ ಸೂಚನೆ ಹೊರಬಿದ್ದ ದಿನವೇ, ಮಾತುಕತೆಯನ್ನು ಮುಂದುವರಿಸುವಂತೆ ಸರ್ಕಾರವನ್ನೂ ಸಂಘಗಳನ್ನೂ ಒತ್ತಾಯಿಸಿ ಮನವಿ ಸಲ್ಲಿಸುವುದು ವರ್ತಕ ಸಮುದಾಯದ ಕರ್ತವ್ಯ. ಬಸ್ಸು ನಿಂತ ಮೇಲೆ ದೂರುವುದಕ್ಕಿಂತ, ನಿಲ್ಲುವ ಮೊದಲು ಆಡುವ ಮಾತಿಗೆ ಬೆಲೆ ಹೆಚ್ಚು.