ಇಂಜಿನಿಯರರ ಸಂಘಕ್ಕೆ ದೂರು ಕೊಡಬಹುದೇ?

ಪ್ರಶ್ನೆ: ಕಬ್ಬೂರಿನಲ್ಲಿ ಮನೆ ಕಟ್ಟಿಸಲು ಹೊರಟಿದ್ದೇವೆ. ನಕ್ಷೆ ಮಾಡಿಕೊಟ್ಟ ಇಂಜಿನಿಯರರ ಶಿಕ್ಕಾದಲ್ಲಿ ಹೆಸರಿನ ಜೊತೆ ‘ಎಂ.ಐ.ಇ.’ ಎಂದಿದೆ. ಕೇಳಿದರೆ, ದೇಶಮಟ್ಟದ ಸಂಘದ ಸದಸ್ಯತ್ವ ಎಂದರು. ವಕೀಲರಿಗೆ ಬಾರ್ ಕೌನ್ಸಿಲ್ ಇದ್ದಂತೆ ಇವರಿಗೆ ಅದು ಇದೆಯೇ? ನಾಳೆ ಸ್ಲ್ಯಾಬ್ ಸೋರಿದರೆ ಅಲ್ಲಿ ದೂರು ಕೊಡಬಹುದೇ? ಡಿಪ್ಲೊಮಾ ಓದುತ್ತಿರುವ ನನ್ನ ಮಗನೂ ಅದಕ್ಕೆ ಸೇರಬೇಕೇ?
— ಒಬ್ಬ ಓದುಗರು, ಕಬ್ಬೂರ

ಉತ್ತರ: ದೂರು ಕೊಡಬಹುದು, ಆದರೆ ಅದರಿಂದ ನಿಮ್ಮ ಸ್ಲ್ಯಾಬ್ ಸೋರುವುದು ನಿಲ್ಲುವುದಿಲ್ಲ. ಬಾರ್ ಕೌನ್ಸಿಲ್ ಸನ್ನದು ಕಿತ್ತುಕೊಂಡರೆ ವಕೀಲರು ಮರುದಿನ ಕೋರ್ಟಿನಲ್ಲಿ ನಿಲ್ಲುವಂತಿಲ್ಲ. 1961ರ ವಕೀಲರ ಕಾಯ್ದೆ ಅದಕ್ಕೆ ಆ ಬಲ ಕೊಟ್ಟಿದೆ. ಇಂಜಿನಿಯರರ ಸಂಘಕ್ಕೆ ಅಂಥ ಬಲವಿಲ್ಲ. ಹೆಚ್ಚೆಂದರೆ ಸದಸ್ಯತ್ವ ರದ್ದು ಮಾಡೀತು. ಆ ಮೂರಕ್ಷರ ಬಿಟ್ಟು ಹೊಸ ಶಿಕ್ಕಾ ಮಾಡಿಸಿಕೊಂಡು ಅವರು ಕೆಲಸ ಮುಂದುವರಿಸಬಹುದು.

ನಿಮ್ಮ ಇಂಜಿನಿಯರರು ಹೇಳಿದ ಸಂಘದ ಹೆಸರು ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ (ಇಂಡಿಯಾ). 1920ರಲ್ಲಿ ಮದ್ರಾಸಿನಲ್ಲಿ ನೋಂದಣಿಯಾಯಿತು, ಕೇಂದ್ರ ಕಚೇರಿ ಕೋಲ್ಕತ್ತಾದಲ್ಲಿದೆ. 1935ರಲ್ಲಿ ಬ್ರಿಟಿಷ್ ಅರಸರ ಸನದು ಸಿಕ್ಕಿತು. ಸಂಘ ತನ್ನ ಸದಸ್ಯರಿಗೆ ‘ಚಾರ್ಟರ್ಡ್ ಇಂಜಿನಿಯರ್’ ಎಂಬ ಮನ್ನಣೆ ಕೊಡುವುದು ಆ ಸನದಿನ ಆಧಾರದ ಮೇಲೆಯೇ. ಅದು ಸಿವಿಲ್‌ನವರದಷ್ಟೇ ಅಲ್ಲ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಲ್ಲರೂ ಅಲ್ಲಿದ್ದಾರೆ. ಸಿವಿಲ್‌ನವರಿಗೇ ಎಂದು ಬೇರೆ ಸಂಘಗಳಿವೆ. ಸ್ವಂತ ಕಚೇರಿ ಇಟ್ಟುಕೊಂಡು ಸಲಹೆ ಕೊಡುವವರ ಅಸೋಸಿಯೇಷನ್ ಆಫ್ ಕನ್ಸಲ್ಟಿಂಗ್ ಸಿವಿಲ್ ಇಂಜಿನಿಯರ್ಸ್ 1985ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿತು. ಎಂ.ಐ.ಇ. ಎಂದರೆ ಸದಸ್ಯ, ಎಫ್.ಐ.ಇ. ಎಂದರೆ ಇನ್ನೂ ಹಿರಿಯ ದರ್ಜೆ. ಓದು, ಅನುಭವ ಎರಡನ್ನೂ ನೋಡಿ ಕೊಡುತ್ತಾರೆ. ಇದು ಒಳ್ಳೆಯ ಗುರುತು, ಪರವಾನಗಿ ಮಾತ್ರ ಅಲ್ಲ.

ವಕೀಲರಿಗೆ, ಆರ್ಕಿಟೆಕ್ಟರಿಗೆ, ಲೆಕ್ಕ ಪರಿಶೋಧಕರಿಗೆ ಕಾಯ್ದೆಯಿದ್ದು ಸೇತುವೆ ಕಟ್ಟುವವರಿಗೆ ಯಾಕಿಲ್ಲ? ನನಗೆ ತೋಚುವ ಕಾರಣ ಇದು. ವಕೀಲರ, ವೈದ್ಯರ ಬಾಗಿಲಿಗೆ ಜನರೇ ಹೋಗುತ್ತಿದ್ದರು. ಇಂಜಿನಿಯರರಿಗೆ ಇದ್ದ ಗಿರಾಕಿ ಸರಕಾರವೊಂದೇ. 1854ರಲ್ಲಿ ಡಾಲ್‌ಹೌಸಿ ಲೋಕೋಪಯೋಗಿ ಇಲಾಖೆ ತೆರೆದ ಮೇಲೆ ಕಾಲುವೆ, ಒಡ್ಡು, ರಸ್ತೆಯೆಲ್ಲ ಇಲಾಖೆಯದೇ ಕೆಲಸ. ತಪ್ಪಿದರೆ ವಿಚಾರಿಸಲು ಮೇಲಧಿಕಾರಿ ಇದ್ದ. ಯಾರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶ ಇಂಜಿನಿಯರರ ದಿನವಾಗಿ ಆಚರಿಸುತ್ತದೆಯೋ ಆ ವಿಶ್ವೇಶ್ವರಯ್ಯನವರೂ 1884ರಲ್ಲಿ ಮುಂಬಯಿ ಸರಕಾರದ ನೌಕರರಾಗಿಯೇ ಕೆಲಸ ಶುರುಮಾಡಿದವರು. ನಮ್ಮ ಬೆಳಗಾವಿ ಜಿಲ್ಲೆಯೂ ಆಗ ಅದೇ ಮುಂಬಯಿ ಪ್ರಾಂತ್ಯದಲ್ಲಿತ್ತು. ಊರ ಮನೆಗಳನ್ನು ಗೌಂಡಿಗಳು ಕಲ್ಲು, ಮಣ್ಣು, ಕಟ್ಟಿಗೆಯಲ್ಲಿ ಕಟ್ಟುತ್ತಿದ್ದರು; ಅಲ್ಲಿ ಇಂಜಿನಿಯರ್ ಎಂಬ ಮನುಷ್ಯನೇ ಇರಲಿಲ್ಲ. ಕಾಲಂ, ಬೀಮು, ಸ್ಲ್ಯಾಬು ಹಳ್ಳಿಗೆ ಬಂದವು, ಅವುಗಳ ಹಿಂದೆ ಕಾಯ್ದೆ ಬರಲಿಲ್ಲ. ಗುಜರಾತ್ 2006ರಲ್ಲಿ ವೃತ್ತಿಪರ ಸಿವಿಲ್ ಇಂಜಿನಿಯರರಿಗೆಂದೇ ಒಂದು ಕಾಯ್ದೆ ಮಾಡಿಕೊಂಡಿತು. ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆಯ ಕರಡುಗಳು ಮಾತ್ರ ದೆಹಲಿಯಲ್ಲಿ ಬರುತ್ತಲೇ ಇವೆ, ಹೋಗುತ್ತಲೇ ಇವೆ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. ಮಾಲೀಕರ ಜೊತೆಗೆ ಇಂಜಿನಿಯರರ ಮೇಲೂ ಕೇಸಾಯಿತು. ಅದನ್ನು ಹೂಡಿದವರು ಪೊಲೀಸರು. ಪೊಲೀಸರು ಬರುವುದು ಕಟ್ಟಡ ಬಿದ್ದ ಮೇಲೆ. ಬೀಳುವ ಮೊದಲೇ ‘ಈ ಲೆಕ್ಕ ತಪ್ಪು, ಕೆಲಸ ನಿಲ್ಲಿಸಿ’ ಎನ್ನುವ ಅಧಿಕಾರ ವೃತ್ತಿಯವರ ಕೈಯಲ್ಲೇ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಸಂಘಗಳು ಬರೀ ಹಾರ, ಶಾಲು, ಸೆಮಿನಾರಿಗೆ ಇವೆಯೇ? ಅದೂ ಸಾಕಷ್ಟು ನಡೆಯುತ್ತದೆ, ಸುಳ್ಳು ಹೇಳುವುದೇಕೆ. ಆದರೆ ಅವುಗಳ ನಿಜವಾದ ಕೆಲಸ ನಿಮ್ಮ ಮನೆಯ ಕಾಂಕ್ರೀಟಿನಲ್ಲೇ ಇದೆ. ನಿಮ್ಮೂರ ಹಿರಿಯ ಗೌಂಡಿಯನ್ನು ಕೇಳಿ ನೋಡಿ. ಸ್ಲ್ಯಾಬಿಗೆ ‘ಒಂದು, ಎರಡು, ನಾಲ್ಕು’ ಎನ್ನುತ್ತಾರೆ: ಒಂದು ಪಾಲು ಸಿಮೆಂಟ್, ಎರಡು ಉಸುಕು, ನಾಲ್ಕು ಖಡಿ. ಅದು ಹಳೆಯ ಎಂ-15 ದರ್ಜೆಯ ಲೆಕ್ಕ. ಕಾಂಕ್ರೀಟಿನ ರಾಷ್ಟ್ರೀಯ ಸಂಹಿತೆಯಾದ ಐ.ಎಸ್. 456 ಮೊದಲು 1953ರಲ್ಲಿ ಬಂತು. 2000ದಲ್ಲಿ ಅದನ್ನು ತಿದ್ದಿದಾಗ, ಕಬ್ಬಿಣ ಹಾಕಿದ ಕಾಂಕ್ರೀಟು ಎಂ-20ಕ್ಕಿಂತ ಕಡಿಮೆ ಇರಕೂಡದು ಎಂದು ಗೆರೆ ಎಳೆದರು. ಅಂದರೆ ಸುಮಾರಾಗಿ ಒಂದಕ್ಕೆ ಒಂದೂವರೆ, ಮೂರು. ಇಂಥ ಸಂಹಿತೆಗಳನ್ನು ಪ್ರಕಟಿಸುವುದು ಭಾರತೀಯ ಮಾನಕ ಬ್ಯೂರೋ; ಬರೆಯುವ ಸಮಿತಿಗಳಲ್ಲಿ ಕೂರುವವರಲ್ಲಿ ವೃತ್ತಿಸಂಘಗಳ ಪ್ರತಿನಿಧಿಗಳೂ ಇರುತ್ತಾರೆ. ಚಿಕ್ಕೋಡಿಯಿಂದ ನಿಮ್ಮೂರಿಗೆ ಬರುವ ಡಾಂಬರಿನ ದಪ್ಪ ಎಷ್ಟಿರಬೇಕೆಂದು ಹೇಳುವ ಪುಸ್ತಕವೂ 1934ರಲ್ಲಿ ಹುಟ್ಟಿದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಇಂಜಿನಿಯರರ ಸಂಸ್ಥೆಯದು. ಹೊಸ ಲೆಕ್ಕ ಪುಸ್ತಕದಲ್ಲಿ ಕೂತು ಕಾಲು ಶತಮಾನವಾದರೂ ಕೆಲಸದ ಜಾಗದಲ್ಲಿ ‘ಒಂದು, ಎರಡು, ನಾಲ್ಕು’ ಇನ್ನೂ ಕೇಳುತ್ತದೆ. ಸಂಘಗಳು ಸೋತಿರುವುದು ಅಲ್ಲಿ. ಕೋಲ್ಕತ್ತಾ, ಬೆಂಗಳೂರಿನ ಸಭಾಂಗಣದ ಮಾತು ಗೌಂಡಿಯ ಕಿವಿಯವರೆಗೆ ಬಂದಿಲ್ಲ.

ಇನ್ನೊಂದು ಕೊರಗೂ ಇದೆ. ಮಳೆಗಾಲ ಬಂತೆಂದರೆ ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ ಸೇತುವೆಗಳು ಮುಳುಗಿದ ಸುದ್ದಿ ಪತ್ರಿಕೆಯಲ್ಲಿ ತಪ್ಪದೆ ಬರುತ್ತದೆ. 2019ರ ಆಗಸ್ಟ್ ಮಹಾಪೂರವನ್ನು ನೀವೂ ಕಂಡವರು. ಇವುಗಳಲ್ಲಿ ಯಾವುದನ್ನು ಎತ್ತರಿಸಬೇಕು, ಯಾವುದು ಹೀಗೆಯೇ ಇದ್ದರೆ ನಡೆದೀತು ಎಂದು ಜನರಿಗೆ ತಿಳಿಯುವ ಭಾಷೆಯಲ್ಲಿ ಹೇಳಲು ವೃತ್ತಿಸಂಘಕ್ಕಿಂತ ತಕ್ಕವರು ಯಾರು? ಇಲಾಖೆಯ ನೌಕರರ ಬಾಯಿ ಕಟ್ಟಿರುತ್ತದೆ, ಸಂಘಕ್ಕೆ ಆ ಕಟ್ಟಿಲ್ಲ.

ಈಗ ನಿಮ್ಮ ಮನೆಯ ಮಾತು. ಮೂರಕ್ಷರ ನೋಡಿ ಸುಮ್ಮನಾಗಬೇಡಿ. ಪಂಚಾಯಿತಿಗೆ ಕೊಟ್ಟ ನಕ್ಷೆ ಬೇರೆ, ಕಬ್ಬಿಣದ ಲೆಕ್ಕ ತೋರಿಸುವ ಸ್ಟ್ರಕ್ಚರಲ್ ಡ್ರಾಯಿಂಗ್ ಬೇರೆ. ಎರಡನೆಯದನ್ನು ಸಹಿ ಮಾಡಿಸಿ ಇಟ್ಟುಕೊಳ್ಳಿ. ನಿಮ್ಮ ಜಾಗ ಎರಿ ಮಣ್ಣಿನದಾಗಿದ್ದರೆ ಪಾಯಾ ತೋಡುವ ಮೊದಲೇ ಮಣ್ಣಿನ ಪರೀಕ್ಷೆ ಆಗಲಿ. ಆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಗೋಡೆಯೂ ಅದರ ಜೊತೆ ಬಿರಿಯುತ್ತದೆ. ಸ್ಲ್ಯಾಬ್ ಹಾಕುವ ದಿನ ಅದೇ ಕಾಂಕ್ರೀಟಿನಿಂದ ಘನಗಳನ್ನು ಎರಕ ಹೊಯ್ಸಿ, 7 ಮತ್ತು 28 ದಿನಕ್ಕೆ ಪ್ರಯೋಗಾಲಯದಲ್ಲಿ ಒಡೆಸಿ ನೋಡಿ. ಮನೆಯ ಒಟ್ಟು ಖರ್ಚಿನಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಹಣ ಕೊಟ್ಟದ್ದಕ್ಕೆಲ್ಲ ರಸೀದಿ ಇರಲಿ, ಯಾವ ಕೆಲಸ ಯಾರ ಹೊಣೆ ಎಂಬ ಒಪ್ಪಂದ ಬರಹದಲ್ಲಿರಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ ಸೇವೆಯೇ. ಸ್ಲ್ಯಾಬ್ ಸೋರಿದರೆ ನೀವು ಹಿಡಿಯಬೇಕಾದ ದಾರಿ ಕೋಲ್ಕತ್ತಾದ್ದಲ್ಲ, ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗದ್ದು. ಅಲ್ಲಿ ಕೇಳುವುದು ಈ ಕಾಗದಗಳನ್ನೇ.

ಮಗನ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಲಸ ಮಾಡುತ್ತಲೇ ಈ ಸಂಘದ ಎ.ಎಂ.ಐ.ಇ. ಪರೀಕ್ಷೆ ಬರೆದು ಪದವೀಧರರಿಗೆ ಸಮನಾದ ಡಿಪ್ಲೊಮಾದವರು ನಮ್ಮ ಹಿಂದಿನ ತಲೆಮಾರಿನಲ್ಲಿ ಬಹಳ ಮಂದಿ. ಕೇಂದ್ರ ಸರಕಾರ ಆ ಸಮಾನತೆಯನ್ನು 2013ರ ಮೇ 31ರೊಳಗೆ ಹೆಸರು ನೋಂದಾಯಿಸಿದವರಿಗೆ ಕೊಟ್ಟಿತ್ತು. ನಿಮ್ಮ ಮಗನಿಗೆ ಆ ದಾರಿಯ ಆಸೆ ಯಾರಾದರೂ ತೋರಿಸಿದರೆ, ಶುಲ್ಕ ಕಟ್ಟುವ ಮೊದಲೇ ನೌಕರಿ ಕೊಡುವವರು ಅದನ್ನು ಒಪ್ಪುತ್ತಾರೋ ಎಂದು ಬರಹದಲ್ಲಿ ಕೇಳಿಕೊಳ್ಳಲಿ. ಪದವಿಯೇ ಬೇಕಾದರೆ ಡಿ.ಸಿ.ಇ.ಟಿ. ಬರೆದು ನೇರ ಎರಡನೆಯ ವರ್ಷದ ಬಿ.ಇ.ಗೆ ಸೇರುವುದು ಲೇಸು. ಸಂಘದ ಸದಸ್ಯತ್ವಕ್ಕೆ ಅವಸರವಿಲ್ಲ. ಎರಡು ಮೂರು ಮಳೆಗಾಲ ಕೆಲಸದ ಜಾಗದಲ್ಲಿ ನಿಂತ ಮೇಲೆ ಸೇರಿದರೆ ಅಲ್ಲಿ ಕೇಳಲು ಅವನ ಬಳಿ ಪ್ರಶ್ನೆಗಳಾದರೂ ಇರುತ್ತವೆ.